ಗೌರಮ್ಮ ಯಾರ ಸುಪರ್ದಿಯಲ್ಲಿದ್ದಳು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟಗುಡ್ಡಗಳನ್ನು ಸಿನಿಮಾದವರು ಕಂಡುಹಿಡಿಯುವುದಕ್ಕೆ ಬಹಳ ಮುಂಚೆಯೇ ಫಿರಂಗಿಯವರು ಕಂಡುಹಿಡಿದಿದ್ದರು. 1791ರ ಬೇಸಿಗೆಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಕಾನಕಾನಹಳ್ಳಿಯ, ಅಂದರೆ ಈಗಿನ ಕನಕಪುರದ, ದಾರಿ ಹಿಡಿದು ಶ್ರೀರಂಗಪಟ್ಟಣದ ಕಡೆ ಹೊರಟಿತು. ಶತ್ರುವಿಗೆ ಹಿಡಿ ರಾಗಿಯೂ ಸಿಗದಿರಲೆಂದು ಟಿಪ್ಪು ಸುಲ್ತಾನ್ ಆ ಊರನ್ನೇ ಹಾಳುಗೆಡವಿಸಿದ. ಅದೇ ವರ್ಷ ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಬಿತ್ತು. ಅದರ ಬೆನ್ನಿಗೇ ಹುತ್ರಿದುರ್ಗ, ರಾಮಗಿರಿ ಮುಂತಾದ ಕೋಟೆಗಳೂ ಒಂದೊಂದಾಗಿ ಹೋದವು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ದವಸ ಸಾಗಿಸುವ ದಾರಿ ಇಂಗ್ಲಿಷರ ಕೈಗೆ ಬಂದಿತು. ಮುಂದಿನ ಫೆಬ್ರವರಿಯಲ್ಲಿ ರಾಜಧಾನಿಗೆ ಮುತ್ತಿಗೆ ಬಿದ್ದು, ಸುಲ್ತಾನ್ ಸಂಧಿಗೆ ಒಪ್ಪಬೇಕಾಯಿತು. ಅರ್ಧ ರಾಜ್ಯ ಬಿಟ್ಟುಕೊಡುವುದು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರುವುದು, ಮತ್ತು ಆ ಹಣ ತೀರುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡುವುದು.

ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಆ ಮಕ್ಕಳಿಗೆ ಎಂಟು ಹತ್ತರ ಆಸುಪಾಸಿನ ವಯಸ್ಸು. ಅವರು ಆನೆಯ ಮೇಲೆ ಕುಳಿತು ಇಂಗ್ಲಿಷರ ಡೇರೆಗೆ ಬಂದದ್ದನ್ನು, ಕಾರ್ನ್‌ವಾಲಿಸ್ ಅವರ ಕೈ ಹಿಡಿದು ಒಳಗೆ ಕರೆದದ್ದನ್ನು, ಇಬ್ಬರಿಗೂ ಚಿನ್ನದ ಗಡಿಯಾರ ಕೊಟ್ಟದ್ದನ್ನು ಇಂಗ್ಲೆಂಡಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಗೆದ್ದ ಸೇನಾಪತಿಯಂತೆ ಕಾಣುವುದಿಲ್ಲ, ಮಕ್ಕಳಿಲ್ಲದ ಮನೆಯ ದೊಡ್ಡಪ್ಪನಂತೆ ಕಾಣುತ್ತಾನೆ. ಹಣ ತೀರಿದ ಮೇಲೆ, 1794ರಲ್ಲಿ, ಹುಡುಗರನ್ನು ಮದರಾಸಿನಿಂದ ಕರೆತಂದು ದೇವನಹಳ್ಳಿಯಲ್ಲಿ ತಂದೆಗೆ ಒಪ್ಪಿಸಿದರು. ಲೆಕ್ಕ ಚುಕ್ತಾ ಆಯಿತು.

ಕನ್ನಡದಲ್ಲಿ ಒಡವೆಯನ್ನೂ ಒತ್ತೆಯಿಡುತ್ತೇವೆ, ಮನುಷ್ಯರನ್ನೂ ಒತ್ತೆಯಿಡುತ್ತೇವೆ. ಎರಡಕ್ಕೂ ಒಂದೇ ಮಾತು. ಉರ್ದುವಿನಲ್ಲಿ ಹಾಗಲ್ಲ. ಅಲ್ಲಿ ಒಡವೆ ಗಿರವಿ, ಮನುಷ್ಯ ಯರ್ಗಮಾಲ್. ನಂಬಿ ಒಪ್ಪಿಸಿದ್ದಕ್ಕೆ ಅಮಾನತ್ ಎಂಬ ಬೇರೆಯೇ ಗೌರವದ ಮಾತಿದೆ. (ಅದೇ ಪದ ಕನ್ನಡದ ಸರಕಾರಿ ಕಚೇರಿಗೆ ಬಂದು, ನೌಕರನನ್ನು ಕೆಲಸದಿಂದ ಕೆಳಗಿಳಿಸಿ ಕೂರಿಸುವುದಕ್ಕೆ ‘ಅಮಾನತು’ ಆಯಿತು. ಭಾಷೆಗಳ ನಡುವಿನ ವ್ಯಾಪಾರವೇ ಹೀಗೆ.) ನಾವು ಈಗ ಹೇಳಹೊರಟಿರುವ ಕಥೆಯಲ್ಲಿ ಒಂದು ಹೆಣ್ಣುಮಗು ಒಬ್ಬರಿಗೆ ಗಿರವಿ, ಇನ್ನೊಬ್ಬರಿಗೆ ಯರ್ಗಮಾಲ್, ಮತ್ತೊಬ್ಬರಿಗೆ ಅಮಾನತ್ ಆಗಿತ್ತು. ಆದ್ದರಿಂದ ಕನ್ನಡದ ‘ಒತ್ತೆ’ಯೇ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಕಥೆ ಕೊಡಗಿನದು. ಅದು ಮುಗಿಯುವುದು ಲಂಡನ್ನಿನ ಒಂದು ಬೀದಿಯಲ್ಲಿ, 1867ರಲ್ಲಿ ಒಬ್ಬ ಕರ್ನಲ್ ಕೈಚೀಲ ಹಿಡಿದು ಮನೆಯಿಂದ ಹೊರಟು ಮತ್ತೆ ಯಾರ ಕಣ್ಣಿಗೂ ಬೀಳದೆ ಹೋದಾಗ. ಆ ಕರ್ನಲ್ ಎಲ್ಲಿ ಹೋದ, ಕೊಡಗಿನ ಅರಸುಮನೆಯ ಒಡವೆಗಳು ಏನಾದವು ಎಂದು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಆತ ಹಿಂದೆ ಬಿಟ್ಟುಹೋದ ಆರು ವರ್ಷದ ಹುಡುಗಿಯನ್ನು ಮಾತ್ರ ಹೆಚ್ಚಿನವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಆ ಹುಡುಗಿಯೂ ಅವಳ ತಾಯಿಯೂ ಒಡವೆಗಿಂತ ಮುಖ್ಯವೆನಿಸುವುದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮಕ್ಕಳನ್ನು ಒತ್ತೆಯಿಟ್ಟುಕೊಳ್ಳುವುದನ್ನು ಇಂಗ್ಲಿಷರೇ ನಮಗೆ ಕಲಿಸಿದರು ಎಂದರೆ ಸುಳ್ಳಾಗುತ್ತದೆ. 1780ರಲ್ಲಿ ಕೊಡಗಿನ ಹಾಲೇರಿ ವಂಶದ ಲಿಂಗರಾಜ ತೀರಿಕೊಂಡಾಗ ಅವನ ಗಂಡುಮಕ್ಕಳು ಚಿಕ್ಕವರು. ಅವರು ಪ್ರಾಯಕ್ಕೆ ಬರುವವರೆಗೆ ತಾನೇ ಪೋಷಕನೆಂದು ಹೈದರಲಿ ಘೋಷಿಸಿದ, ಪೋಷಕನ ಹೆಸರಿನಲ್ಲಿ ರಾಜ್ಯವನ್ನೇ ಇಟ್ಟುಕೊಂಡ. ಮಕ್ಕಳನ್ನು ಹಾಸನ ಸೀಮೆಯ ಗೊರೂರಿನ ಕೋಟೆಗೆ ಕಳಿಸಿದ. ಟಿಪ್ಪುವಿನ ಕಾಲಕ್ಕೆ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿಂದ 1788ರ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ತಪ್ಪಿಸಿಕೊಂಡು ಬೆಟ್ಟ ಹತ್ತಿದ. ಮುಂದೆ ಇಂಗ್ಲಿಷರ ಸೈನ್ಯಕ್ಕೆ ಮಲಬಾರಿನಿಂದ ಕೊಡಗಿನ ಮೂಲಕ ದಾರಿ ತೆರೆದವನು ಇವನೇ. ಬಾಲ್ಯವನ್ನು ಕೋಟೆಯ ಕಾವಲಿನಲ್ಲಿ ಕಳೆದವನು ಕಾವಲಿಟ್ಟವನ ಶತ್ರುವಿನ ಕೈ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಸುಲ್ತಾನನ ಬಗ್ಗೆ ನಮ್ಮಲ್ಲಿ ಅಭಿಮಾನವಿರುವವರು ಈ ಭಾಗವನ್ನು ನುಂಗಿಕೊಂಡು ಹೇಳುವುದುಂಟು, ಅವನನ್ನು ದ್ವೇಷಿಸುವವರು 1792ರ ಆನೆಯ ಮೇಲಿನ ಆ ಇಬ್ಬರು ಹುಡುಗರನ್ನು ನುಂಗಿಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಆ ಕಾಲದ ರಾಜಕಾರಣ ಅರ್ಥವಾದೀತು.

ದೊಡ್ಡವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ. ಪ್ರೀತಿಯ ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡಳು. ಅವಳ ಮಗಳು ದೇವಮ್ಮಾಜಿ ತನ್ನ ನಂತರ ಪಟ್ಟಕ್ಕೆ ಬರಬೇಕೆಂದು ಅವನ ಆಸೆ. ತಮ್ಮಂದಿರನ್ನು ಅವನು ನಂಬುವವನಲ್ಲ. ಆದ್ದರಿಂದ ಕಂಪನಿ ಸರಕಾರದ ಭರವಸೆ ಕೇಳಿದ್ದಲ್ಲದೆ, ಹಲವು ಲಕ್ಷ ರೂಪಾಯಿಯನ್ನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ. ಮಗಳನ್ನೂ ಹಣವನ್ನೂ ಒಬ್ಬನೇ ಕಾವಲುಗಾರನಿಗೆ ಒಪ್ಪಿಸಿ 1809ರಲ್ಲಿ ಕಣ್ಣು ಮುಚ್ಚಿದ. ಮಗಳು ಇನ್ನೂ ಬಾಲಕಿ. ತಮ್ಮ ಲಿಂಗರಾಜ ಮೊದಲು ಅವಳ ಪರವಾಗಿ ಆಡಳಿತ ನೋಡುವವನಾಗಿ ಬಂದ, 1811ರಲ್ಲಿ ತಾನೇ ಅರಸನಾದ. ಪೋಷಕನಾಗಿ ಬಂದು ಮಾಲೀಕನಾಗುವ ಈ ದಾರಿ ಕೊಡಗಿಗೆ ಹೈದರನ ಕಾಲದಿಂದಲೇ ಪರಿಚಿತ. ಈ ಸಲ ಬಂದವನು ಮನೆಯವನೇ ಎಂಬುದಷ್ಟೇ ವ್ಯತ್ಯಾಸ. ಕಂಪನಿ ಸುಮ್ಮನಿತ್ತು. ಆ ಹೆಣ್ಣುಮಗಳ ಹೆಸರಿನ ಹಣ ಮುಂದೆ ಲಂಡನ್ನಿನ ನ್ಯಾಯಾಲಯದವರೆಗೆ ಹೋಗುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಲಿಂಗರಾಜನ ಮಗನೇ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿಯಿಂದಾಗಿ ಕನ್ನಡಿಗರಿಗೆಲ್ಲ ಪರಿಚಿತ. ಪಟ್ಟಕ್ಕೆ ಬಂದದ್ದು 1820ರಲ್ಲಿ. ಅವನ ಸ್ವಂತ ತಂಗಿ ಮತ್ತು ಭಾವ ಚನ್ನಬಸಪ್ಪ 1832ರಲ್ಲಿ ಓಡಿಬಂದು ಮೈಸೂರಿನ ಇಂಗ್ಲಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸೆಂದು ಅರಸ, ಒಪ್ಪಿಸುವುದಿಲ್ಲವೆಂದು ಕಂಪನಿ. ಈ ಜಗಳವೇ ಬೆಳೆದು ಯುದ್ಧವಾಗಿ 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು, ಮೇ ತಿಂಗಳಲ್ಲಿ ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿತು. ಆ ಹೊತ್ತಿಗೆ ದೊಡ್ಡವೀರರಾಜೇಂದ್ರನ ಮಗಳು ದೇವಮ್ಮಾಜಿಯ ಕಡೆಯವರು ಯಾರೂ ಉಳಿದಿರಲಿಲ್ಲ. ಅರಸನೇ ಅವರನ್ನೆಲ್ಲ ಕೊಲ್ಲಿಸಿದನೆಂದು ಇಂಗ್ಲಿಷರು ಬರೆದರು. ಅವನನ್ನು ಕೆಡುಕನೆಂದು ತೋರಿಸುವುದರಲ್ಲಿ ಅವರಿಗೆ ಲಾಭವಿತ್ತು ಎಂಬುದು ನಿಜ. ಒಂದು ಕವಲು ಅಳಿಸಿಹೋಗಿತ್ತು ಎಂಬುದೂ ನಿಜ.

ಅರಸುಮನೆಯವರು ಹೀಗೆ ಕಾಣೆಯಾದರೆ ಜನ ಒಪ್ಪುವುದಿಲ್ಲ. ಹೆಣ ನೋಡದವರಿಗೆ ಸಾವಿನ ಸುದ್ದಿ ಬರೀ ಸುದ್ದಿ. ಅರಸನನ್ನು ಗಡಿಪಾರು ಮಾಡಿದ ಕೆಲವೇ ದಿನಗಳಲ್ಲಿ ಅಪರಾಂಪರ ಎಂಬ ಜಂಗಮ ತಾನು ಹಾಲೇರಿ ವಂಶದವನೆಂದು ಹೇಳಿಕೊಂಡು ಹೊರಟ. ಹಿಡಿದು ಸೆರೆಗೆ ಹಾಕಿದರು. ಆಮೇಲೆ ಕಲ್ಯಾಣಸ್ವಾಮಿ ಎಂಬವನು ಬಂದ, ಅವನೂ ಸಿಕ್ಕಿಬಿದ್ದ. 1837ರಲ್ಲಿ ಪುಟ್ಟಬಸಪ್ಪ ಎಂಬ ರೈತ ಅದೇ ಕಲ್ಯಾಣಸ್ವಾಮಿಯ ಹೆಸರು ಹೊತ್ತು ಸುಳ್ಯ ಸೀಮೆಯಲ್ಲಿ ಎದ್ದಾಗ ಸಾವಿರಾರು ಜನ ಅವನ ಹಿಂದೆ ನಡೆದರು. ಬೆಳ್ಳಾರೆಯ ಖಜಾನೆ ಹೋಯಿತು, ಮಂಗಳೂರೇ ಕೆಲವು ದಿನ ಅವರ ಕೈಯಲ್ಲಿತ್ತು. ಕೊನೆಗೆ ಪುಟ್ಟಬಸಪ್ಪನನ್ನು ಮಂಗಳೂರಿನಲ್ಲೂ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಮುಂದೆಯೂ ಗಲ್ಲಿಗೇರಿಸಿದರು. ಕಂದಾಯವನ್ನು ದುಡ್ಡಿನಲ್ಲೇ ಕಟ್ಟಬೇಕೆಂಬ ಹೊಸ ಕಾನೂನಿನ ಸಿಟ್ಟು ಈ ದಂಗೆಯ ಅಸಲು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಇರಬಹುದು. ಆದರೆ ಆ ಸಿಟ್ಟಿಗೆ ಒಂದು ಮುಖ ಬೇಕಿತ್ತು, ಆ ಮುಖ ಸಿಕ್ಕಿದ್ದು ಕಾಣೆಯಾದವರ ಪಟ್ಟಿಯಿಂದ.

ಪದಚ್ಯುತ ಅರಸನನ್ನು ವೆಲ್ಲೂರಿಗೆ ಕಳಿಸಿ, ಅಲ್ಲಿಂದ ಕಾಶಿಗೆ ಸಾಗಿಸಿದರು. 1799ರ ನಂತರ ಟಿಪ್ಪುವಿನ ಮಕ್ಕಳುಮರಿಗಳನ್ನೆಲ್ಲ ಇಟ್ಟಿದ್ದದ್ದೂ ಅದೇ ವೆಲ್ಲೂರಿನಲ್ಲಿ. 1806ರ ಸಿಪಾಯಿ ದಂಗೆಯ ಬಳಿಕ ಅವರನ್ನು ಕಲ್ಕತ್ತೆಗೆ ಅಟ್ಟಲಾಗಿತ್ತು. ಮೈಸೂರಿನವರು ಪೂರ್ವಕ್ಕೆ, ಕೊಡಗಿನವರು ಗಂಗೆಯ ದಡಕ್ಕೆ. ಒಬ್ಬರನ್ನೊಬ್ಬರು ಕಾವಲಿಟ್ಟಿದ್ದ ಎರಡು ಮನೆತನಗಳಿಗೂ ಕೊನೆಗೆ ಒಬ್ಬನೇ ಕಾವಲುಗಾರನಾದ.

ಕಾಶಿಯಲ್ಲಿ 1841ರ ಜುಲೈನಲ್ಲಿ ಗೌರಮ್ಮ ಹುಟ್ಟಿದಳು. ಕೊಡಗನ್ನು ಆಕೆ ಎಂದೂ ನೋಡಲಿಲ್ಲ. ಅವಳ ಅಕ್ಕನೊಬ್ಬಳನ್ನು ನೇಪಾಳದ ಜಂಗ್ ಬಹಾದೂರ್ ರಾಣಾ ಮದುವೆಯಾದ. ವಿಲಾಯಿತಿಗೆ ಹೋಗಿ ಹಿಂದಿರುಗುವ ದಾರಿಯಲ್ಲಿ ಕಾಶಿಗೆ ಬಂದವನು ಅವನು. ವಿಲಾಯಿತಿಗೆ ಹೋಗಿ ಬಂದ ಅಳಿಯನ ಮಾತು ಕೇಳಿಯೇ ಮಾವನಿಗೆ ಅತ್ತ ಮನಸ್ಸಾಯಿತೋ, ಅಥವಾ ತಾನೇ ಲೆಕ್ಕ ಹಾಕಿದ್ದನೋ. ಅಂತೂ 1852ರಲ್ಲಿ ಚಿಕ್ಕವೀರರಾಜೇಂದ್ರ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸಬೇಕು, ಅವಳನ್ನು ಕ್ರೈಸ್ತಳನ್ನಾಗಿ ಬೆಳೆಸಬೇಕು ಎಂಬುದು ಅವನು ಕೊಟ್ಟ ಕಾರಣ. ದೊಡ್ಡಪ್ಪ ತೊಡಗಿಸಿದ್ದ ಹಣವನ್ನು ಕಂಪನಿಯಿಂದ ವಸೂಲು ಮಾಡುವುದು ಜೇಬಿನಲ್ಲಿದ್ದ ಕಾರಣ. ರಾಣಿಯ ಮಡಿಲಲ್ಲಿ ಮಗಳಿದ್ದರೆ ಕಂಪನಿಯ ಬಾಗಿಲು ತೆರೆದೀತು ಎಂದು ಅವನು ಎಣಿಸಿದ್ದಿರಬೇಕು. ತಾನು ಮಾತ್ರ ಧರ್ಮ ಬಿಡಲಿಲ್ಲ.

ಆ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹನ್ನೊಂದರ ಹುಡುಗಿಗೆ ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ಅಲ್ಲಿಗೆ ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ವಿಂಟರ್‌ಹಾಲ್ಟರ್ ಎಂಬ ದೊಡ್ಡ ಚಿತ್ರಕಾರ ಅವಳ ತೈಲಚಿತ್ರ ಬರೆದ, ಮರೊಕೆಟ್ಟಿ ಎಂಬ ಶಿಲ್ಪಿ ಅವಳ ಪ್ರತಿಮೆ ಕೆತ್ತಿದ. ಚಿತ್ರದಲ್ಲಿ ಅವಳ ಮೈಮೇಲೆ ನಮ್ಮ ಕಡೆಯ ಉಡುಗೆ ಒಡವೆ, ಕೈಯಲ್ಲಿ ಬೈಬಲ್. ಕೊಟ್ಟದ್ದೂ ಇಟ್ಟುಕೊಂಡದ್ದೂ ಒಂದೇ ಚೌಕಟ್ಟಿನಲ್ಲಿದೆ.

ಸುಪರ್ದಿಯ ಜಗಳ ಶುರುವಾಗುವುದು ಇಲ್ಲಿಂದ. ತಂದೆ ಬದುಕಿದ್ದಾನೆ, ಅದೇ ಊರಿನಲ್ಲಿದ್ದಾನೆ. ಮಗಳು ಮೊದಲು ಡ್ರಮಂಡ್ ದಂಪತಿಗಳ ಮನೆಯಲ್ಲಿ, ಆಮೇಲೆ ಸರ್ ಜೇಮ್ಸ್ ಹಾಗ್ ಎಂಬವರ ಮನೆಯಲ್ಲಿ, ಆಮೇಲೆ ಲೇಡಿ ಹಾರ್ಕೋರ್ಟ್ ಅವರ ಮನೆಯಲ್ಲಿ. ತಂದೆಯ ಸಹವಾಸದಿಂದ ಹುಡುಗಿಯ ಹೊಸ ನಡೆನುಡಿ ಕೆಡುತ್ತದೆ ಎಂಬುದು ಅವಳನ್ನು ನೋಡಿಕೊಳ್ಳುತ್ತಿದ್ದವರ ಭಾವನೆ. ಆದ್ದರಿಂದ ಭೇಟಿಗಳಿಗೆ ಕಡಿವಾಣ ಬಿತ್ತು. ಹುಡುಗಿಯನ್ನು ತಂದೆ ಎತ್ತಿಕೊಂಡು ಹೋದಾನೆಂಬ ಅಂಜಿಕೆ ಒಂದು ಕಡೆ, ಅವನು ಬಂದ ರಜೆ ಮುಗಿಯಿತು, ಹಿಂದಿರುಗಲಿ ಎಂಬ ಒತ್ತಾಯ ಇನ್ನೊಂದು ಕಡೆ. ಅವನು ಹಿಂದಿರುಗಲಿಲ್ಲ. ಕಂಪನಿಯ ಮೇಲೆ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ.

ಇಲ್ಲಿ ಸರ್ ಜೇಮ್ಸ್ ಹಾಗ್ ಯಾರೆಂದು ಹೇಳಲೇಬೇಕು. ಅವರು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಎರಡು ಸಲ ಅದರ ಅಧ್ಯಕ್ಷರಾಗಿದ್ದವರು. ಅರಸ ಲಂಡನ್ನಿಗೆ ಬಂದ 1852ರಲ್ಲೂ ಅವರೇ ಅಧ್ಯಕ್ಷರು. ಅಂದರೆ ತಂದೆ ಯಾವ ಕಂಪನಿಯ ಮೇಲೆ ದಾವೆ ಹೂಡಿದ್ದನೋ ಆ ಕಂಪನಿಯ ಹಿರಿಯರ ಮನೆಯಲ್ಲೇ ಮಗಳ ಊಟ, ತಿಂಡಿ, ಪಾಠ. ಹಾಗ್ ದಂಪತಿಗಳು ಅವಳನ್ನು ಚೆನ್ನಾಗಿ ನೋಡಿಕೊಂಡಿರಲಿಕ್ಕೆ ಸಾಕು. ನಮ್ಮ ಹಳ್ಳಿಯ ಯಾವ ಪಂಚಾಯಿತಿಯಾದರೂ, ವ್ಯಾಜ್ಯದ ಎದುರುಗಾರನ ಮನೆಯಲ್ಲಿ ಮಗುವನ್ನು ಬಿಡಲು ಒಪ್ಪುತ್ತಿತ್ತೇ?

ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮಕ್ಕಳ ಮೇಲಿನ ಹಕ್ಕು ಹೆಚ್ಚುಕಡಿಮೆ ಪೂರ್ತಿಯಾಗಿ ತಂದೆಯದೇ. ಗಂಡನಿಂದ ಮಕ್ಕಳನ್ನು ಕಳೆದುಕೊಂಡ ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ ಹೋರಾಡಿದ ಮೇಲೆ, 1839ರಲ್ಲಿ, ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿ ಅರ್ಜಿ ಹಾಕಬಹುದು ಎಂಬಷ್ಟು ಬದಲಾಗಿತ್ತು. ಇಂಗ್ಲಿಷ್ ತಂದೆಗೆ ಅಷ್ಟು ಹಕ್ಕು ಕೊಟ್ಟಿದ್ದ ಕಾನೂನು ಕೊಡಗಿನ ತಂದೆಯ ವಿಷಯಕ್ಕೆ ಬಂದಾಗ ಬಾಯಿಬಿಡಲಿಲ್ಲ. ಅವನೇ ಮಗಳನ್ನು ಒಪ್ಪಿಸಿದ್ದನಲ್ಲ ಎಂಬುದು ಅದಕ್ಕೆ ಉತ್ತರ. ಒಪ್ಪಿಸಿದ್ದು ಹೌದು. ಮುಸ್ಲಿಂ ಕಾನೂನು ಓದಿದವರಿಗೆ ಹಿಜಾನತ್ ಬೇರೆ, ವಿಲಾಯತ್ ಬೇರೆ ಎಂಬುದು ಮೊದಲ ಪಾಠ. ಮಗುವನ್ನು ಎತ್ತಿ ಆಡಿಸಿ ಸಾಕುವ ಹಕ್ಕು ಒಬ್ಬರದಾಗಿರಬಹುದು, ಮಗುವಿನ ಆಸ್ತಿ ಮತ್ತು ಮದುವೆಯ ಹೊಣೆ ಇನ್ನೊಬ್ಬರದಾಗಿರಬಹುದು. ಗೌರಮ್ಮನ ವಿಷಯದಲ್ಲಿ ಎರಡೂ ಒಂದೇ ಕಡೆ ಸೇರಿಕೊಂಡವು.

ಮದುವೆಯ ಹೊಣೆಯನ್ನು ರಾಣಿಯೇ ಹೊತ್ತಳು. ಅವಳ ಕಣ್ಣಿಗೆ ಬಿದ್ದ ವರ ಪಂಜಾಬಿನ ದುಲೀಪ್ ಸಿಂಗ್. ಅವನೂ ಒತ್ತೆಯ ಮಗುವೇ. ಒಂಬತ್ತು ವರ್ಷದವನಿದ್ದಾಗ, 1847ರಲ್ಲಿ, ತಾಯಿ ಜಿಂದ್ ಕೌರಳಿಂದ ಅವನನ್ನು ಬೇರೆ ಮಾಡಿದರು. ಚುನಾರ್ ಕೋಟೆಯಿಂದ ತಪ್ಪಿಸಿಕೊಂಡು ಆ ತಾಯಿ ಸೇರಿದ್ದು ನೇಪಾಳಕ್ಕೆ. ಆಶ್ರಯ ಕೊಟ್ಟವನು ಗೌರಮ್ಮನ ಭಾವನಾಗಲಿದ್ದ ಅದೇ ಜಂಗ್ ಬಹಾದೂರ್. ತಾಯಿ ಮಗ ಮತ್ತೆ ಮುಖ ನೋಡಿದ್ದು 1861ರಲ್ಲಿ, ಹದಿಮೂರು ವರ್ಷಗಳ ಮೇಲೆ, ಕಲ್ಕತ್ತೆಯಲ್ಲಿ. ಇಬ್ಬರೂ ಅರಸುಮಕ್ಕಳು, ಇಬ್ಬರೂ ಕ್ರೈಸ್ತರಾದವರು, ಒಬ್ಬರಿಗೊಬ್ಬರು ಜೋಡಿಯಾದರೆ ಚೆನ್ನ ಎಂದು ರಾಣಿಗೆ ಕಂಡಿತು. ದುಲೀಪ್ ಸಿಂಗ್ ಅವಳನ್ನು ತಂಗಿಯಂತೆ ಕಾಣುತ್ತಿದ್ದನೇ ಹೊರತು ಮದುವೆಗೆ ಒಪ್ಪಲಿಲ್ಲ. ಬದಲಿಗೆ ತನ್ನನ್ನು ಸಾಕಿದ ಲೇಡಿ ಲಾಗಿನ್ನರ ಅಣ್ಣ, ಮದರಾಸು ಸೈನ್ಯದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಪರಿಚಯಿಸಿದ. ಹೆಂಡತಿ ಸತ್ತು ಮಕ್ಕಳಿದ್ದವನು, ವಯಸ್ಸು ಐವತ್ತರ ಹತ್ತಿರ. ಗೌರಮ್ಮನಿಗೆ ಹತ್ತೊಂಬತ್ತು. ಮದುವೆ 1860ರಲ್ಲಿ ಆಯಿತು.

ತಂದೆ ಅದನ್ನು ನೋಡಲು ಇರಲಿಲ್ಲ. 1859ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ಅವನನ್ನು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಇಟ್ಟರು. ದಾವೆಯ ತೀರ್ಪು ಬಂದದ್ದು ಮರುವರ್ಷ: ಯುದ್ಧದಲ್ಲಿ ಗೆದ್ದ ಸರಕಾರ ವಶಪಡಿಸಿಕೊಂಡ ಹಣ ರಾಜ್ಯಾಧಿಕಾರದ ವಿಷಯ, ನ್ಯಾಯಾಲಯ ಅದರಲ್ಲಿ ಕೈಹಾಕಲಾಗದು. ಅರ್ಜಿ ವಜಾ. ಯಾರನ್ನು ತೋರಿಸಿ ಹಣ ಕೇಳಲು ಬಂದನೋ ಆ ಮಗಳನ್ನೂ ಕಳೆದುಕೊಂಡ, ಹಣವೂ ಬರಲಿಲ್ಲ. ಆ ಹಣವಾದರೂ ಮೂಲದಲ್ಲಿ ಅವನ ತಂದೆ ಪಟ್ಟ ತಪ್ಪಿಸಿದ ಇನ್ನೊಬ್ಬ ಹೆಣ್ಣುಮಗಳದು ಎಂಬುದನ್ನು ಯೋಚಿಸಿದಾಗ ನಮಗೆ ಅವನ ಮೇಲೆ ಪೂರ್ತಿ ಕನಿಕರವೂ ಹುಟ್ಟುವುದಿಲ್ಲ.

ಗೌರಮ್ಮನಿಗೆ 1861ರ ಜುಲೈನಲ್ಲಿ ಹೆಣ್ಣುಮಗುವಾಯಿತು. ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್ ಎಂದು ಹೆಸರಿಟ್ಟರು. ಮೂರು ಭಾಗ ಇಂಗ್ಲಿಷ್, ನಡುವೆ ಒಂದು ಕನ್ನಡ. ತಾಯಿಗೆ ಕ್ಷಯ. 1864ರ ವಸಂತದಲ್ಲಿ, ಇನ್ನೂ ಇಪ್ಪತ್ತಮೂರು ತುಂಬದೆ, ಆಕೆ ತೀರಿಕೊಂಡಳು. ಅವಳ ಗೋರಿ ಇರುವುದು ಬ್ರಾಂಪ್ಟನ್ ಸ್ಮಶಾನದಲ್ಲಿ. ತಂದೆಯದು ಒಂದು ಕಡೆ, ಮಗಳದು ಇನ್ನೊಂದು ಕಡೆ.

ಹೆಂಡತಿಯ ಒಡವೆ ಗಂಡನ ಕೈಗೆ ಬಂತು. ಪ್ರತ್ಯೇಕ ಕರಾರು ಮಾಡಿಕೊಳ್ಳದಿದ್ದರೆ ಮದುವೆಯಾದ ಹೆಣ್ಣಿನ ಚರಾಸ್ತಿಯೆಲ್ಲ ಗಂಡನದು ಎನ್ನುತ್ತಿತ್ತು ಆಗಿನ ಇಂಗ್ಲಿಷ್ ಕಾನೂನು. 1870 ಮತ್ತು 1882ರ ಕಾಯಿದೆಗಳು ಬಂದ ಮೇಲೆಯೇ ಅಲ್ಲಿನ ಹೆಂಗಸರಿಗೆ ತಮ್ಮ ಗಂಟಿನ ಮೇಲೆ ಹಕ್ಕು ಬಂದದ್ದು. ಕ್ಯಾಂಪ್‌ಬೆಲ್ ಜೂಜುಕೋರ, ಅವನು ಮದುವೆಯಾದದ್ದೇ ಒಡವೆಗಾಗಿ ಎನ್ನುವವರಿದ್ದಾರೆ. ಸತ್ತವರ, ಕಾಣೆಯಾದವರ ಮನಸ್ಸಿನೊಳಗೆ ಹೊಕ್ಕು ನೋಡುವುದು ಕಥೆಗಾರರಿಗೆ ಸುಲಭ. ನಾವೂ ಕಥೆ ಬರೆಯುವವರಾದ್ದರಿಂದ ಆ ಸುಲಭವನ್ನು ಸಂಶಯದಿಂದ ನೋಡುತ್ತೇವೆ. ಗೊತ್ತಿರುವುದು ಇಷ್ಟು: 1867ರ ಆಗಸ್ಟ್ ತಿಂಗಳಲ್ಲಿ ಒಂದು ದಿನ ಅವನು ಲಂಡನ್ನಿನ ಜರ್ಮಿನ್ ಬೀದಿಯ ತನ್ನ ಬಿಡಾರದಿಂದ ಒಂದು ಸಣ್ಣ ಕೈಚೀಲ ಹಿಡಿದುಕೊಂಡು ಹೊರಟ. ಮತ್ತೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಕೊಡಗಿನ ಒಡವೆಗಳೂ ಮುಂದೆ ಯಾರ ಕಣ್ಣಿಗೂ ಬೀಳಲಿಲ್ಲ. ಒಡವೆಗಾಗಿ ಯಾರೋ ಕೊಂದರು ಎಂಬುದು ಒಂದು ಊಹೆ. ಒಡವೆ ಮಾರಿಕೊಂಡು ಬೇರೆ ದೇಶದಲ್ಲಿ ಬೇರೆ ಹೆಸರಿನಲ್ಲಿ ಬದುಕಿದ ಎಂಬುದು ಇನ್ನೊಂದು. ಕೊಡಗಿನ ಲೇಖಕ ಸಿ.ಪಿ. ಬೆಳ್ಳಿಯಪ್ಪನವರು ಗೌರಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಜರ್ಮಿನ್ ಬೀದಿಯ ಗಂಟು ಇವತ್ತಿಗೂ ಗಂಟಾಗಿಯೇ ಇದೆ.

ಕಾಣೆಯಾದವನ ಬಗ್ಗೆ ಎಲ್ಲ ಕಾನೂನುಗಳಿಗೂ ಒಂದೊಂದು ಲೆಕ್ಕವಿದೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತನೆಂದು ತಿಳಿಯಬಹುದು ಎಂಬುದು ಇಂಗ್ಲಿಷರ ರೂಢಿ. ಅದು 1872ರ ಸಾಕ್ಷ್ಯ ಕಾಯಿದೆಯ ಮೂಲಕ ನಮ್ಮಲ್ಲಿಗೂ ಬಂದು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಫಿಕ್ಹ್ ಗ್ರಂಥಗಳಲ್ಲಿ ಇಂಥವನಿಗೆ ಮಫ್ಕೂದ್ ಎಂದು ಹೆಸರು. ಹನಫಿಗಳ ಹಳೆಯ ಮತದಂತೆ ಅವನ ಓರಗೆಯವರೆಲ್ಲ ಸಾಯುವಷ್ಟು ಕಾಲ, ಹೆಚ್ಚುಕಡಿಮೆ ಅವನಿಗೆ ತೊಂಬತ್ತು ತುಂಬುವ ತನಕ, ಹೆಂಡತಿ ಕಾಯಬೇಕು. ಮಾಲಿಕಿಗಳಿಗೆ ನಾಲ್ಕು ವರ್ಷ ಸಾಕು. ಈ ತೊಂಬತ್ತರ ಲೆಕ್ಕದಲ್ಲಿ ಎಷ್ಟು ಹೆಂಗಸರು ಗಂಡನಿಲ್ಲದೆ, ವಿಧವೆಯೂ ಅಲ್ಲದೆ ಬದುಕು ಸವೆಸಿದರೋ. ಕೊನೆಗೆ ಹನಫಿ ಉಲೇಮಾಗಳೇ ಮಾಲಿಕಿ ಮತವನ್ನು ಎರವಲು ಪಡೆದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆಯಲ್ಲಿ ನಾಲ್ಕು ವರ್ಷ ಎಂದಾಯಿತು.

ಈ ಲೆಕ್ಕಗಳಲ್ಲೆಲ್ಲ ಹೆಂಡತಿಯ ಮರುಮದುವೆ ಇದೆ, ಆಸ್ತಿಯ ಪಾಲು ಇದೆ. ಬಾಗಿಲಲ್ಲಿ ನಿಂತು ಕಾಯುವ ಮಗುವಿಗೆ ಎಷ್ಟು ವರ್ಷ ಎಂಬುದು ಯಾವುದರಲ್ಲೂ ಇಲ್ಲ. ತಂದೆ ಸತ್ತ ಎಂದು ಹೇಳಿದರೆ ಮಗು ಅತ್ತು ಸುಮ್ಮನಾದೀತು. ಎಡಿತ್‌ಗೆ ಹಾಗೆಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅವಳ ತಾಯಿಯನ್ನು ತನ್ನ ಸುಪರ್ದಿಗೆ ಕೊಡಿ ಎಂದು ಕೇಳಿದವರು, ಕೊಡುವುದಿಲ್ಲ ಎಂದವರು, ಮನೆಯಲ್ಲಿಟ್ಟುಕೊಂಡವರು, ಮದುವೆ ಗೊತ್ತುಮಾಡಿದವರು ಎಲ್ಲ ಸೇರಿ ಒಂದು ದೊಡ್ಡ ಗುಂಪೇ ಇತ್ತು. ಆ ಗುಂಪಿನಲ್ಲಿ ರಾಣಿ ಇದ್ದಳು, ಆರ್ಚ್‌ಬಿಷಪ್ ಇದ್ದರು, ಕಂಪನಿಯ ಅಧ್ಯಕ್ಷರಿದ್ದರು. ಮಗಳ ಸರದಿ ಬರುವ ಹೊತ್ತಿಗೆ ಅಜ್ಜ ಕೆನ್ಸಲ್ ಗ್ರೀನಿನಲ್ಲಿ, ತಾಯಿ ಬ್ರಾಂಪ್ಟನ್ನಿನಲ್ಲಿ, ಸುದ್ದಿಯಿಲ್ಲದ ತಂದೆ. ದಾವೆ ಹೂಡಲು ಹಣವೂ ಇಲ್ಲ, ಹಕ್ಕು ಸಾಧಿಸಲು ರಾಜ್ಯವೂ ಇಲ್ಲ. ತಾಯಿಗಾಗಿ ಅಷ್ಟು ಜನ ಕಾದಾಡಿದಂತೆ ಮಗಳಿಗಾಗಿ ಯಾರೂ ಕಾದಾಡಲಿಲ್ಲ.

ಮಡಿಕೇರಿಗೆ ಹೋದವರು ಗದ್ದಿಗೆ ನೋಡಿರುತ್ತಾರೆ. ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯ ಗೋರಿ, ಪಕ್ಕದಲ್ಲಿ ಲಿಂಗರಾಜನ ಗೋರಿ. ಲಿಂಗಾಯತ ಅರಸರ ಈ ಸಮಾಧಿಗಳಿಗೆ ಗುಂಬಜು, ಮೂಲೆಗೊಂದು ಮಿನಾರು. ದೂರದಿಂದ ನೋಡಿದರೆ ಯಾವುದೋ ದರ್ಗಾ ಎನ್ನಬೇಕು. ಹೈದರ್ ಟಿಪ್ಪುಗಳ ಜೊತೆ ಅಷ್ಟು ಕಾದಾಡಿದವರು ಸತ್ತ ಮೇಲೆ ಮಲಗಲು ಆರಿಸಿಕೊಂಡದ್ದು ಅದೇ ಶೈಲಿಯ ಕಟ್ಟಡವನ್ನು. ಅಲ್ಲಿ ಚಿಕ್ಕವೀರರಾಜೇಂದ್ರನಿಗೆ ಜಾಗವಿಲ್ಲ.

ಎಡಿತ್ ಇಂಗ್ಲೆಂಡಿನಲ್ಲಿಯೇ ಬೆಳೆದಳು. 1882ರಲ್ಲಿ ಹೆನ್ರಿ ಯಾರ್ಡ್ಲಿ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಅವರಿಗೆ ಒಬ್ಬ ಗಂಡುಮಗ ಹುಟ್ಟಿದ. ಅವನ ಹೆಸರಿನಲ್ಲಿ ವಿಕ್ಟರ್ ಎಂಬುದು ಉಳಿಯಿತು. ಗೌರಮ್ಮನ ಹೆಸರು ತಾಯಿಯ ತಲೆಮಾರಿಗೇ ನಿಂತಿತು.